ಮುರಿಯುವವನ ಬೆರಳಿನ ಬಿಳಿ ಪುಡಿ

ಒಂದಾನೊಂದು ಊರಿನಲ್ಲಿ ಪುಡಿಯನ್ನು ಒತ್ತಿ, ಬೆಂಕಿಯಲ್ಲಿ ಸುಟ್ಟು, ಹಾಲಿನಷ್ಟು ಬೆಳ್ಳಗಿನ ಕಡ್ಡಿಗಳನ್ನು ಮಾಡುವ ಹುಡುಗಿಯೊಬ್ಬಳಿದ್ದಳು. ಅದೇ ಊರಿನ ಇನ್ನೊಂದು ತುದಿಯಲ್ಲಿ ಅವಳು ಮಾಡಿದ್ದನ್ನೆಲ್ಲ ಮುರಿಯುವ ಹುಡುಗನೊಬ್ಬನಿದ್ದ. ಅವನು ಮುರಿದು ಹೇಳಿದ ಮೇಲೆಯೇ ಅವಳ ಕಡ್ಡಿ ಎಷ್ಟು ಗಟ್ಟಿ ಎಂದು ಲೋಕಕ್ಕೆ ತಿಳಿಯಬೇಕು.

ನನ್ನ ಅಜ್ಜಿ ಹೇಳಿದ್ದರೆ ಈ ಕಥೆ ಹೀಗೆ ಶುರುವಾಗುತ್ತಿತ್ತು. ಹುಡುಗಿ ನಾನು, ಸೆರಾಮಿಕ್ ಲ್ಯಾಬಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಹುಡುಗ, ನಮ್ಮ ಸಂಶೋಧನೆಗೆ ಕೈಜೋಡಿಸಿದ ಇನ್ನೊಂದು ಲ್ಯಾಬಿನವನು; ಅವನದೂ ಪಿಎಚ್‌ಡಿಯೇ. ನಾವು ಅವನಿಗೆ ಇಟ್ಟ ಹೆಸರು ಮುರುಕ.

ಮೊದಲ ಡಬ್ಬಿಯನ್ನು ನಾನೇ ತೆಗೆದುಕೊಂಡು ಹೋಗಿದ್ದೆ. ಅವನು ಒಂದು ಕಡ್ಡಿಯನ್ನು ಎರಡು ಬೆರಳಲ್ಲಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದ. "ಇಷ್ಟು ಚೆನ್ನಾಗಿರೋದನ್ನ ಮುರೀಬೇಕಲ್ಲ ಅಂತ ಬೇಜಾರು," ಎಂದ. ಅವನ ನೋಟ ಕಡ್ಡಿಯಿಂದ ನನ್ನ ಮುಖಕ್ಕೆ ಬಂತು. ಅಪರಿಚಿತರ ಮನೆಯ ಬಾಗಿಲು ತಟ್ಟಿದವರ ಹಾಗೆ ಗಾಬರಿಯಾಗಿ ಮತ್ತೆ ಕಡ್ಡಿಗೇ ಓಡಿಹೋಯಿತು.

"ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ಲ, ಆ ದೊಣ್ಣೆ ನೀವೇನಾ?" ಎಂದೆ.

"ನಾನೇ ರೀ. ಆದ್ರೆ ಅಳತೆ ನೋಡ್ಕೊಂಡು ಹೊಡೆಯೋ ದೊಣ್ಣೆ."

ನಗಬಾರದೆಂದು ಇದ್ದೆ, ನಕ್ಕುಬಿಟ್ಟೆ. ಆಗಲೇ ಕಂಡದ್ದು: ಅವನ ಬೆರಳ ತುದಿಗಳಲ್ಲಿ ತೆಳುವಾದ ಬಿಳಿ ಪುಡಿ. ಮುರಿಯುವವನ ಕೈಗೆ ಉಜ್ಜಿದ ಪುಡಿ ಯಾಕೆ? ಅನುಮಾನದ ಮೊದಲ ಬೀಜ ಅಲ್ಲಿಯೇ ಬಿತ್ತು. ಹೊಗಳುವವನ ಬಾಯಿ ನೋಡಬೇಡ, ಕೈ ನೋಡು ಎಂದು ಅಜ್ಜಿ ಸುಮ್ಮನೆ ಹೇಳುತ್ತಿರಲಿಲ್ಲ.

ಒಂದೇ ಬಾರಿ ಸುಟ್ಟ ಕಡ್ಡಿಗಳಲ್ಲಿ ಅರ್ಧ ನಮ್ಮ ಲ್ಯಾಬಿನಲ್ಲಿ, ಅರ್ಧ ಅವನಲ್ಲಿ ಮುರಿಯಬೇಕು, ಎರಡೂ ಕಡೆಯ ಅಂಕಿ ಹೊಂದಬೇಕು ಎಂಬುದು ಒಪ್ಪಂದ. ನಮ್ಮಲ್ಲಿ ಅವು ಮುನ್ನೂರು ಮೆಗಾಪಾಸ್ಕಲ್ ಒತ್ತಡದ ಆಸುಪಾಸಿನಲ್ಲಿ ಮುರಿದವು. ಅವನು ಕಳಿಸಿದ ಅಂಕಿ ನಾನೂರರ ಹತ್ತಿರ. ಎರಡನೆಯ ಡಬ್ಬಿಯೂ ಹಾಗೆಯೇ, ಮೂರನೆಯದೂ ಹಾಗೆಯೇ.

ಲ್ಯಾಬಿನಲ್ಲಿ ನನಗಿಂತ ಹಿರಿಯಳಾದ ಅಕ್ಕ ಕಂಪ್ಯೂಟರ್ ಪರದೆಗೆ ಮೂಗು ತಾಗಿಸಿ ನೋಡಿದಳು. "ಲೇ, ಈ ಹುಡುಗ ಕಡ್ಡಿ ನೋಡಿ ಅಂಕಿ ಹಾಕ್ತಿದಾನೋ, ನಿನ್ನ ಮುಖ ನೋಡಿ ಹಾಕ್ತಿದಾನೋ?"

"ಥೂ, ಸುಮ್ನಿರಕ್ಕ."

"ನಾನು ಸುಮ್ನಿರ್ತೀನಿ. ಪೇಪರ್ ಓದೋರು ಸುಮ್ನಿರ್ತಾರಾ?"

ನಮ್ಮ ಗೈಡ್, ಅಂದರೆ ಮೇಷ್ಟ್ರು, ಇನ್ನೂ ಚಿಕ್ಕದಾಗಿ ಮುಗಿಸಿದರು. "ಅಂಕಿ ಹೊಂದದೆ ಪೇಪರ್ ಹೋಗಲ್ಲಮ್ಮ. ಪೇಪರ್ ಹೋಗದೆ ನಿನ್ನ ಥೀಸಿಸ್ ಹೋಗಲ್ಲ."

ಅಂದಿನಿಂದ ನನ್ನ ತಲೆಯೊಳಗೆ ಅನುಮಾನದ ಜೀರುಂಡೆ ಹೊಕ್ಕಿತು. ಅವನು ಅಂಕಿ ಏರಿಸುತ್ತಿದ್ದರೆ ನನ್ನ ಇಷ್ಟು ವರ್ಷದ ಬೆಂಕಿ, ಬೂದಿ ಎಲ್ಲ ಸುಳ್ಳು. ಏರಿಸದಿದ್ದರೆ? ಆಗ ಡಬ್ಬಿ ತೆಗೆದುಕೊಳ್ಳುವಾಗ ಅವನ ಬೆರಳು ಸ್ವಲ್ಪ ಹೆಚ್ಚೇ ಹೊತ್ತು ನಿಂತದ್ದು, ಮೆಟ್ಟಿಲವರೆಗೆ ಬಂದು "ನಿಧಾನಕ್ಕೆ ಹೋಗಿ" ಎಂದದ್ದು, ಅದೆಲ್ಲ ಬರೀ ಮರ್ಯಾದೆಯೇ? ಒಂದು ನಿಜವಾದರೆ ಇನ್ನೊಂದು ಸುಳ್ಳಾಗಬೇಕಿತ್ತು. ಎರಡೂ ನಿಜವಾಗಿರಬಹುದೆಂದು ನನಗೆ ಹೊಳೆಯಲೇ ಇಲ್ಲ. ಅನುಮಾನ ಹೊಕ್ಕ ತಲೆಗೆ ಲೆಕ್ಕ ಬರುವುದಿಲ್ಲ.

ಕಥೆಯ ರಾಜಕುಮಾರಿಯರ ಹಾಗೆ ನಾನೂ ಒಂದು ಪರೀಕ್ಷೆ ಒಡ್ಡಿದೆ. ಒಮ್ಮೆ ಫರ್ನೇಸ್ ಕೈಕೊಟ್ಟು ಅರೆಬೆಂದ ಕಡ್ಡಿಗಳು ನನ್ನ ಬಳಿ ಇದ್ದವು. ನೋಡಲು ಥೇಟ್ ಒಳ್ಳೆಯವುಗಳ ಹಾಗೆಯೇ, ಒಳಗೆ ಟೊಳ್ಳು. ಅವುಗಳಲ್ಲಿ ಮೂರನ್ನು ಹೊಸ ಡಬ್ಬಿಯ ಒಳ್ಳೆಯವುಗಳ ನಡುವೆ ಸೇರಿಸಿ ಕಳಿಸಿದೆ. ಅವಕ್ಕೂ ನಾನೂರು ಕೊಟ್ಟರೆ ಕಳ್ಳ ಸಿಕ್ಕಿಬಿದ್ದ ಹಾಗೆ.

ಈ ಸಲ ಅವನು ಅಂಕಿ ಕಳಿಸಲಿಲ್ಲ. ತಾನೇ ಬಂದ.

ನಮ್ಮ ಮೇಜಿನ ಮೇಲೆ ಕಾಗದ ಹಾಸಿ ಆರು ತುಂಡುಗಳನ್ನು ಸಾಲಾಗಿಟ್ಟ. "ಈ ಮೂರು ಕಡ್ಡಿ ಯಾರು ಮಾಡಿದ್ದು?"

"ಯಾಕೆ?"

"ಕೈಗೆ ತಗೊಂಡ ತಕ್ಷಣ ಹಗುರ ಅನ್ನಿಸ್ತು. ತೂಕ ಹಾಕಿದ್ರೆ ನಿಜವಾಗ್ಲೂ ಹಗುರ. ಮುಟ್ಟಿದ್ರೆ ಮುರಿದ್ವು. ಇವು ನಿಮ್ಮ ಕೈಯಿಂದ ಬಂದವಲ್ಲ ರೀ."

ನನ್ನ ಕಿವಿ ಬಿಸಿಯಾಯಿತು. ಅಕ್ಕ ಮೇಜಿನಾಚೆ ಏನೋ ಹುಡುಕುವವಳಂತೆ ತಲೆ ತಗ್ಗಿಸಿದಳು. ಅವನು ನನ್ನ ಮುಖ ನೋಡಿದ. ಈ ಬಾರಿ ಅವನ ನೋಟ ಓಡಿಹೋಗಲಿಲ್ಲ.

"ನನ್ನನ್ನ ಪರೀಕ್ಷೆ ಮಾಡಿದ್ರಾ?" ದನಿ ಏರಿಸಲಿಲ್ಲ, ಅದೇ ಹೆಚ್ಚು ಚುಚ್ಚಿತು. "ನೇರವಾಗಿ ಕೇಳಬಹುದಿತ್ತಲ್ಲ."

ತಪ್ಪು ಮಾಡಿದವರಿಗೆ ಬಾಯಿ ಜೋರು. "ಸರಿ, ಈಗ ಕೇಳ್ತೀನಿ. ನಿಮ್ಮ ಅಂಕಿ ಯಾಕೆ ಯಾವಾಗ್ಲೂ ಜಾಸ್ತಿ? ನಿಮ್ಮ ಬೆರಳಲ್ಲಿ ಆ ಬಿಳಿ ಪುಡಿ ಏನು? ನನ್ನ ಕಡ್ಡಿಗೆ ಏನ್ ಮಾಡ್ತಿದೀರ ನೀವು?"

ಅವನು ತನ್ನ ಬೆರಳನ್ನೇ ಹೊಸದಾಗಿ ನೋಡುವವನಂತೆ ನೋಡಿಕೊಂಡ. "ಇದಾ? ಅಂಚು ಸವರಿದ್ದು. ಕಡ್ಡಿ ಕತ್ತರಿಸಿದಾಗ ಅಂಚಲ್ಲಿ ಕಣ್ಣಿಗೆ ಕಾಣದ ಚಿಕ್ಕ ಚಿಕ್ಕ ಮುಕ್ಕು ಇರುತ್ತಲ್ಲ, ಅಲ್ಲಿಂದಲೇ ಬಿರುಕು ಶುರು. ಅದಕ್ಕೇ ಮುರಿಯೋ ಮುಂಚೆ ನಯವಾದ ಉಜ್ಜು ಕಾಗದದಲ್ಲಿ ಸವರ್ತೀವಿ. ಅದನ್ನ ಹೇಳೋದು ಬೇರೆ ಬೇಕಾ? ಎಲ್ರೂ ಮಾಡ್ತಾರಲ್ಲ..."

ನಾನು ಅಕ್ಕನ ಕಡೆ ತಿರುಗಿದೆ.

"ನಮ್ಮಲ್ಲಿ ಯಾರೂ ಮಾಡಲ್ಲ," ಎಂದಳು ಅಕ್ಕ, ಮೇಜಿನ ಅಡಿಯಿಂದ.

ಅವನ ಲ್ಯಾಬಿನವರಿಗೆ ಅದು ಊಟಕ್ಕೆ ಮುಂಚೆ ಕೈ ತೊಳೆದ ಹಾಗೆ, ಹೇಳಬೇಕಾದ ವಿಷಯವೇ ಅಲ್ಲ. ನಮ್ಮಲ್ಲಿ ಅಂಥದ್ದೊಂದು ಇದೆ ಎಂಬುದೇ ಯಾರಿಗೂ ಗೊತ್ತಿಲ್ಲ.

ಮೇಷ್ಟ್ರು ಎಲ್ಲ ಕೇಳಿಸಿಕೊಂಡು ಕನ್ನಡಕ ತೆಗೆದರು. "ಮಾತು ಚೆನ್ನಾಗಿದೆ. ಮಾತನ್ನ ಪೇಪರಲ್ಲಿ ಹಾಕೋಕಾಗಲ್ಲ. ಮೆಷಿನ್ ಅವನದು, ಕೈ ನಿನ್ನದು. ಅಲ್ಲಿಗೆ ಹೋಗಿ, ಅಂಚು ಸವರದೇ ಇರೋದನ್ನೂ ಸವರಿದ್ದನ್ನೂ ನೀನೇ ಮುರಿದು ಬಾ. ಆಗುತ್ತಾ?"

"ಆಗುತ್ತೆ ಸಾರ್," ಎಂದು ಮಾತು ಕೊಟ್ಟೆ.

ಕೊಟ್ಟೆ, ಹೋಗಲಿಲ್ಲ. ಇವತ್ತು ಫರ್ನೇಸ್, ನಾಳೆ ತಲೆನೋವು. ಅಮ್ಮ ಫೋನಿನಲ್ಲಿ, "ಅದೇನೋ ಮುರಿಯೋದಿತ್ತಲ್ಲ, ಮುರಿದ್ಯೇನೇ?" ಎಂದು ಕೇಳಿದರೂ ಸಿಡುಕಿದೆ. ನಿಜಕ್ಕೂ ಹೆದರಿದ್ದೆ. ನಾನೇ ಅಂಚು ಸವರಿದ ಮೇಲೂ ಮುನ್ನೂರೇ ಬಂದರೆ ಅವನು ಸುಳ್ಳುಗಾರ. ನಾನೂರು ಬಂದರೆ, ಪ್ರಾಮಾಣಿಕನೊಬ್ಬನ ಮೇಲೆ ಕಳ್ಳನೆಂದು ಬೆರಳು ತೋರಿಸಿದವಳು ನಾನು. ಯಾವ ಮುಖ ಹೊತ್ತು ಹೋಗಲಿ?

ಕೊನೆಗೆ ಅಕ್ಕನೇ ಡಬ್ಬಿಯನ್ನು ನನ್ನ ಕೈಗಿಟ್ಟು ಬಾಗಿಲಾಚೆ ತಳ್ಳಿದಳು.

ಬೆಳಗಿನ ಬಿಸಿಲು ಅವನ ಮೆಷಿನ್ನಿನ ಮೇಲೆ ಬಿದ್ದಿತ್ತು. "ಬನ್ನಿ," ಎಂದ, ಅಷ್ಟೇ. ಉಜ್ಜು ಕಾಗದ ಕೊಟ್ಟ, ಸ್ಟೂಲ್ ಎಳೆದ. ನಾನು ಉಜ್ಜಲು ಶುರುಮಾಡಿದ ಕೂಡಲೇ "ಅಡ್ಡ ಬೇಡ, ಉದ್ದಕ್ಕೆ," ಎಂದ. "ಅಡ್ಡ ಉಜ್ಜಿದ್ರೆ ಗೀರು ಬೀಳುತ್ತೆ. ಗೀರು ಬಿದ್ದಲ್ಲೇ ಮುರಿಯೋದು."

"ಹೀಗಾ?"

"ಇನ್ನೂ ಮೆಲ್ಲಗೆ. ಸಿಟ್ಟಿರೋದು ನನ್ನ ಮೇಲೆ, ಕಡ್ಡಿ ಮೇಲಲ್ಲ."

ತುಟಿ ಕಚ್ಚಿ ನಗು ತಡೆದೆ. ಅವನು ನನ್ನ ಕೈ ಹಿಡಿದು ತೋರಿಸಬಹುದಿತ್ತು, ಮುಟ್ಟಲಿಲ್ಲ. ತನ್ನ ಕೈಯನ್ನು ಗಾಳಿಯಲ್ಲೇ ಉದ್ದಕ್ಕೆ ಆಡಿಸಿ ತೋರಿಸಿದ. ಆ ಕೈ ನನ್ನ ಕೈಗೆ ಅಷ್ಟು ಹತ್ತಿರ, ಅಷ್ಟು ದೂರ. ಮುಟ್ಟದಿರುವುದೂ ಒಂದು ತಂತ್ರವಿರಬಹುದೇ ಎಂದು ಜೀರುಂಡೆ ಗುಂಯ್ ಎಂದಿತು.

ಮೊದಲು ಸವರದ ಕಡ್ಡಿ. ಗುಂಡಿ ಒತ್ತಿದೆ, ಪರದೆಯ ಮೇಲೆ ಅಂಕಿ ಏರಿತು. ಟಕ್. ಮುನ್ನೂರು. ನಮ್ಮ ಲ್ಯಾಬಿನ ಅಂಕಿಯೇ.

ಆಮೇಲೆ ನಾನು ಸವರಿದ್ದು. ಏರಿತು, ಮುನ್ನೂರು ದಾಟಿತು, ಇನ್ನೂ ಏರಿತು. ಟಕ್. ಮುನ್ನೂರ ತೊಂಬತ್ತು.

ಅವನು ಗೋಡೆಗೆ ತಿರುಗಿ ಕನ್ನಡಕ ಒರೆಸುತ್ತಾ ನಿಂತ. ಒರೆಸುವಂಥ ಧೂಳೇನೂ ಅದರಲ್ಲಿರಲಿಲ್ಲ.

"ತಪ್ಪಾಯ್ತು," ಎಂದೆ.

"ಪರವಾಗಿಲ್ಲ. ಅನುಮಾನ ಪಡೋದೇ ನಮ್ಮ ಕೆಲಸ ಅಲ್ವಾ? ಇನ್ನೊಂದು ಕಡ್ಡಿ ಉಳಿದಿದೆ. ಅದು ಮುಗಿದ್ರೆ ಮೇಷ್ಟ್ರಿಗೆ ಕೊಟ್ಟ ಮಾತು ಮುಗೀತು."

ಕೊನೆಯದನ್ನು ಇಟ್ಟೆ. ಗುಂಡಿ ಒತ್ತಿದೆ.

"ಅಂಚು ಎಲ್ಲಾ ಕಡ್ಡಿಗೂ ಸವರ್ತೀನಿ," ಎಂದ ಅವನು, ಪರದೆಯನ್ನೇ ನೋಡುತ್ತಾ. "ನಿಮ್ಮದು ಮಾತ್ರ ಬೇಗ ಮುಗೀಬಾರದು ಅನ್ನಿಸ್ತಿತ್ತು."

ನೂರು. ನನ್ನ ಎದೆಯೂ ಅದರ ಜೊತೆಗೇ ಏರಿತು. "ಇದನ್ನ ಎಷ್ಟು ಜನಕ್ಕೆ ಹೇಳಿದೀರ?"

"ಇದೇ ಮೊದಲ ರೀಡಿಂಗ್."

"ಒಂದೇ ರೀಡಿಂಗ್ ಯಾರ್ ನಂಬ್ತಾರೆ?"

"ದಿನಾ ಹೇಳ್ತೀನಿ. ಸರಾಸರಿ ನೀನೇ ತೆಗೆ."

‘ನೀವು’ ಹೋಗಿ ‘ನೀನು’ ಬಂದದ್ದು ಇಬ್ಬರಿಗೂ ಕೇಳಿಸಿತು. ಇನ್ನೂರೈವತ್ತು.

"ಸುಳ್ಳಾದ್ರೆ?"

"ನಿನ್ನ ಹತ್ರ ಫರ್ನೇಸ್ ಇದೆಯಲ್ಲ, ನನ್ನನ್ನೇ ಹಾಕು."

"ಸ್ವಲ್ಪ ನಿಧಾನ ಮಾಡೋಕಾಗಲ್ವಾ ಇದನ್ನ?"

"ನಿಧಾನ ಮಾಡಿದ್ರೆ ಅಂಕಿ ಸುಳ್ಳಾಗುತ್ತೆ," ಎಂದ. ಪರದೆ ಬಿಟ್ಟು ನನ್ನ ಕಡೆ ತಿರುಗಿದ. "ಮುರಿಯೋದ್ರೊಳಗೆ ಹೇಳು, ಒಪ್ಪಿಗೆನಾ?"

ಮುನ್ನೂರ ಐವತ್ತು. ಅವನ ನೋಟದಲ್ಲಿ ಏನನ್ನಾದರೂ ಹುಡುಕಿ ತೆಗೆಯಬೇಕೆಂದು ಕಣ್ಣಿಟ್ಟು ನೋಡಿದೆ. ನನ್ನಷ್ಟೇ ಹೆದರಿದ ಒಬ್ಬ ಹುಡುಗ ಸಿಕ್ಕಿದ, ಅಷ್ಟೇ. ಮುನ್ನೂರ ಎಂಬತ್ತು.

"ಹೂಂ," ಎಂದೆ.

ಟಕ್.