ಸೊಣ್ಣಗುಂಟೆಯ ಹೊಳೆಯುವ ವೀರಗಲ್ಲು

ಸೋಮವಾರ ಬೆಳಿಗ್ಗೆ 10.20ಕ್ಕೆ ಠಾಣೆಗೆ ಬಂದ ಯಜ್ಞನಾರಾಯಣ, ಕುರ್ಚಿ ತೋರಿಸಿದರೂ ಕೂರಲಿಲ್ಲ. ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಕೆ.ಆರ್. ಪುರಂ ಕಡೆಯ ಸೊಣ್ಣಗುಂಟೆಯಲ್ಲಿ ಪರಂಪರೆ ಸಂರಕ್ಷಣಾ ಸಮಿತಿ ಕಟ್ಟಿ, ಅದರ ಕಾರ್ಯದರ್ಶಿಯಾಗಿ ಎಂಟು ವರ್ಷ ಓಡಾಡಿದವರು. ಊರ ವೀರಗಲ್ಲಿನ ಬರಹವನ್ನು ಈವರೆಗೆ ಯಾರೂ ಓದಿರಲಿಲ್ಲ. ಅದನ್ನು ಓದಲೆಂದೇ ಗುರುವಾರ ಪುಣೆ, ಚೆನ್ನೈಗಳಿಂದ ಇಬ್ಬರು ತಜ್ಞರು ಬರುವವರಿದ್ದರು.

"ಸಾರ್, ವೀರಗಲ್ಲು ಕದ್ದಿದ್ದಾರೆ."

ಇನ್ಸ್‌ಪೆಕ್ಟರ್ ಜಿಯಾವುಲ್ಲಾ ಪೆನ್ನು ತೆಗೆದರು. "ಯಾವಾಗಿಂದ ಕಾಣ್ತಿಲ್ಲ?"

"ಕಾಣ್ತಿದೆ ಸಾರ್. ಅಲ್ಲೇ ಇದೆ."

"ಇದೆಯಾ?"

"ಇರೋದು ಅದಲ್ಲ! ನಮ್ಮದು ಕರೀ ಕಲ್ಲು, ಮೈಮೇಲೆ ಅಕ್ಷರ ಇತ್ತು. ಇದು ಬೂದಿ ಬಣ್ಣ, ಹೊಳೀತಿದೆ, ಒಂದಕ್ಷರ ಇಲ್ಲ. ಅಸಲಿ ಹೊತ್ಕೊಂಡು ಹೋಗಿ ನಕಲಿ ನೆಟ್ಟಿದ್ದಾರೆ."

"ಕದ್ದ ಜಾಗಕ್ಕೆ ಇನ್ನೊಂದು ನೆಟ್ಟು ಹೋಗೋಷ್ಟು ಮರ್ಯಾದಸ್ಥ ಕಳ್ಳ ಎಲ್ಲಿದ್ದಾನ್ರೀ?" ಎಂದರು ಕಾನ್‌ಸ್ಟೇಬಲ್ ಶ್ವೇತ.

10.55ಕ್ಕೆ ಕಳ್ಳತನವೆಂದು ಎಫ್‌ಐಆರ್ ಆಯಿತು.

11.40ಕ್ಕೆ ಸ್ಥಳ ಪಂಚನಾಮೆ. ಮುನಿರಾಜ್ ಎಂಬುವರ ಮೂರಂತಸ್ತಿನ ಕಟ್ಟಡದ ಮುಂದೆ, ಸರ್ಕಾರಿ ಖರಾಬು ಜಾಗದಲ್ಲಿ, ಅರಳಿ ಮರದಡಿ ಕಲ್ಲು ನಿಂತಿತ್ತು. ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಏರಿದ್ದರಿಂದ ಬುಡ ಹೂತಿತ್ತು. ಕತ್ತಿ ಹಿಡಿದ ವೀರನ ಮುಖ ಬಳಸಿದ ಸೋಪಿನಂತೆ ನುಣ್ಣಗಾಗಿತ್ತು.

ಪಂಚರಾಗಿ ನಿಂತ ಇಬ್ಬರಲ್ಲಿ ಒಬ್ಬರು ನಮ್ಮ ಕಲ್ಲು ಇದಕ್ಕಿಂತ ಎತ್ತರ ಎಂದರು. ಇನ್ನೊಬ್ಬರು ಕುಳ್ಳು ಎಂದರು.

"ದಿನಾ ಕೈ ಮುಗಿಯೋ ಕಲ್ಲು ಹೇಗಿತ್ತು ಅಂತ ಗೊತ್ತಿಲ್ವೇನ್ರಯ್ಯಾ?" ಎಂದರು ಜಿಯಾವುಲ್ಲಾ.

"ಕೈ ಮುಗಿಯುವಾಗ ಕಣ್ಣು ಮುಚ್ಕೊಂಡಿರ್ತೀವಲ್ಲ ಸಾರ್."

ಮುನಿರಾಜ್ ಅವರ ತಾಯಿ ಅಣ್ಣಮ್ಮ ಜಗಲಿ ಮೇಲಿದ್ದರು. ಕಲ್ಲಿಗೆ ವರ್ಷಕ್ಕೊಮ್ಮೆ ಎಣ್ಣೆ, ಅರಿಶಿನ ಹಚ್ಚುವುದು ಆ ಮನೆಯವರೇ. ಅದರಲ್ಲಿರುವ ವೀರ ತಮ್ಮ ವಂಶದ ಹಿರೀಕ ಎಂಬ ನಂಬಿಕೆ.

"ಅಮ್ಮಾ, ಇದು ನಿಮ್ಮ ಕಲ್ಲೇನಾ?"

"ನಂಗೆ ಕಣ್ಣು ಮಂಜು ಸ್ವಾಮಿ," ಎಂದು ಅವರು ಒಳಗೆ ಹೋದರು.

ಪಕ್ಕದ ಪಿ.ಜಿ. ಹಾಸ್ಟೆಲಿನ ಸಿಸಿಟಿವಿ ನೋಡಿದಾಗ, ಶನಿವಾರ ಬೆಳಿಗ್ಗೆ 10.10ಕ್ಕೆ ಟಾರ್ಪಾಲು ಹೊದ್ದ ಟೆಂಪೊ ಬಂದು ಮಧ್ಯಾಹ್ನ 2.05ಕ್ಕೆ ಹೋಗಿತ್ತು. ನಂಬರ್ ಕಾಣಲಿಲ್ಲ. ಮರದ ಮರೆಯಲ್ಲಿದ್ದ ಕಲ್ಲೂ ಕಾಣಲಿಲ್ಲ.

ಮಂಗಳವಾರ ಮುನಿರಾಜ್‌ರನ್ನು ಠಾಣೆಗೆ ಕರೆಸಿದರು.

"ಶನಿವಾರ ಎಲ್ಲಿದ್ರಿ?"

"ತಿರುಪತೀಲಿ."

"ಕಲ್ಲು ಎತ್ತಿದ್ರೆ ಎರಡು ಕಾರು ನಿಲ್ಲುತ್ತೆ ಅಂತ ಸಮಿತಿ ಮೀಟಿಂಗಲ್ಲಿ ಅಂದ್ರಂತೆ?"

"ಅಂದೆ. ಅನ್ನೋದೇ ಬೇರೆ, ಎತ್ತೋದೇ ಬೇರೆ ಅಲ್ವಾ ಸಾರ್?"

"ಟೆಂಪೊ ಯಾರದು?"

ಮುನಿರಾಜ್ ಬಾಯಿ ಬಿಡಲಿಲ್ಲ. ಅಸಲಿ ಕಲ್ಲು ಎಲ್ಲಿದೆ, ನಕಲಿ ಕೆತ್ತಿದವರು ಯಾರು, ಎರಡು ದಿನವಾದರೂ ಜಿಯಾವುಲ್ಲಾರಿಗೆ ತಲೆಬುಡ ತಿಳಿಯಲಿಲ್ಲ.

ಬುಡದ ಮಾತು ಎತ್ತಿದ್ದು ಶ್ವೇತ. "ಸಾರ್, ಕಲ್ಲು ಬದಲಾಯಿಸಿದ್ರೆ ಬುಡ ಅಗೆದಿರಬೇಕು. ಅಲ್ಲಿ ಮಣ್ಣು ಸಿಮೆಂಟ್ ಥರ ಇದೆ."

ಬುಧವಾರ ಮಧ್ಯಾಹ್ನ 3ಕ್ಕೆ, ಮುನಿರಾಜ್‌ರನ್ನೂ ಕರೆತಂದು, ಪಂಚರ ಎದುರು ಅಗೆಸಿದರು. ಅರಳಿಯ ಬೇರು ಕಲ್ಲನ್ನು ಸುತ್ತಿ ಹಿಡಿದಿತ್ತು, ಎಲ್ಲೂ ತುಂಡಾಗಿರಲಿಲ್ಲ. ಒಂದಡಿ ಕೆಳಗೆ ಅದೇ ಕಲ್ಲು ಕಪ್ಪಾಗಿ, ಎಣ್ಣೆ ಜಿಡ್ಡಿನೊಂದಿಗೆ ಇತ್ತು. ಮೇಲೆ ಹೊಳಪು, ಕೆಳಗೆ ಕಪ್ಪು, ಕಲ್ಲು ಒಂದೇ. ಕಳ್ಳತನವೇ ಆಗಿರಲಿಲ್ಲ!

ಜಿಡ್ಡಿನಡಿ ಒಂದು ಸಾಲು ಬರಹ ಉಳಿದಿತ್ತು. ಯಜ್ಞನಾರಾಯಣ ಮೊಣಕಾಲೂರಿ, ಬೆರಳಾಡಿಸಿ, ಅರ್ಧ ಗಂಟೆ ಓದಿದರು. ಆಮೇಲೆ ಜಿಯಾವುಲ್ಲಾರ ಕಿವಿಯಲ್ಲಿ ಹೇಳಿದರು. "ಕಲ್ಲು ಬರೆಸಿದವರು ಕೊನೇಲಿ ಹಾಕೋ ಶಾಪ. ಎಲ್ಲಾ ಕಡೆ ಇದೇ ಮಾತು ಇರೋದ್ರಿಂದ ನನಗೂ ಓದೋಕಾಯ್ತು. ಈ ಕಲ್ಲು ಕೆಡಿಸಿದವರಿಗೆ ಕಾಶೀಲಿ ಹಸು ಕೊಂದ ಪಾಪ ಬರಲಿ ಅಂತ. ವೀರನ ಹೆಸರು ಮೇಲೆ ಇದ್ದಿರಬೇಕು ಸಾರ್. ಹೋಯ್ತು."

ಜಿಯಾವುಲ್ಲಾ ಅದನ್ನೂ ಪಂಚನಾಮೆಯಲ್ಲಿ ಬರೆದುಕೊಂಡು, ಮುನಿರಾಜ್ ಕಡೆ ತಿರುಗಿದರು. "ಕದ್ದಿಲ್ಲ, ಸವೆಸಿದ್ದೀಯ. ಜೀಪು ಹತ್ತು."

"ಅವನ್ನ ಬಿಡಿ ಸ್ವಾಮಿ." ಅಣ್ಣಮ್ಮ ಜಗಲಿಯಿಂದ ಇಳಿದು ಬಂದರು. "ಮಾಡ್ಸಿದ್ದು ನಾನು. ನನ್ನ ಮಗಂಗೆ ತಿರುಪ್ತಿಯಿಂದ ಬಂದ್ಮೇಲೆ ತಿಳೀತು. ಅಮ್ಮನ ಹೆಸರು ಹೇಳಾಕಾಗ್ದೆ ಸುಮ್ಕವ್ನೆ."

"ಸುಮ್ನಿರಮ್ಮ!" ಎಂದರು ಮುನಿರಾಜ್.

"ನೀನು ಸುಮ್ಕಿರಲಾ. ಮೂರು ದಿನ ಸುಮ್ಕಿದ್ದು ಏನಾಯ್ತು ನೋಡು."

ಈ ಕೆಲಸ ಮಾಡಿದವನೆಂದು ಅಣ್ಣಮ್ಮ ಹೆಸರಿಸಿದ, ಅವರ ಅಡಿಗೆಮನೆಯ ಗ್ರಾನೈಟ್ ಕಟ್ಟೆಗೂ ಪಾಲಿಶ್ ಹಾಕಿದ್ದ ಶಿವಾಜಿನಗರದ ಅಜ್ಮತ್‌ಗೆ ಶ್ವೇತ ಫೋನ್ ಮಾಡಿದರು. "ಹಾಂ ಮೇಡಂ, ಶನಿವಾರ ನಾನೇ ಬಂದಿದ್ದೆ. ಟೆಂಪೊದಲ್ಲಿ ಮೆಷಿನ್ ಇತ್ತು. ಸದ್ದು ಕೇಳಿದೋರು ಮನೆ ಕೆಲಸ ಅಂದ್ಕೊಂಡ್ರು. ಅಮ್ಮಾಜಿ ಕನ್ನಡಿ ಥರಾ ಹೊಳೀಬೇಕು ಅಂದ್ರು, ಹೊಳೆಸ್ದೆ. ಯಾಕೆ, ಪಾಲಿಶ್ ಸರಿ ಬಂದಿಲ್ವಾ?"

ಕಳ್ಳತನದ ಕಲಂ ಬಿಟ್ಟು ಹಾಳುಗೆಡವಿದ ಕಲಂ ಹಾಕಲು ನ್ಯಾಯಾಲಯಕ್ಕೆ ಮನವಿ ಸಿದ್ಧವಾಯಿತು. ಹೆಂಗಸರನ್ನು ಸೂರ್ಯ ಮುಳುಗುವ ಮೊದಲೇ ಬಂಧಿಸಬೇಕಾದ್ದರಿಂದ, 4.40ಕ್ಕೆ ಶ್ವೇತ ಬಂಧನದ ಪತ್ರಕ್ಕೆ ಅಣ್ಣಮ್ಮನ ಹೆಬ್ಬೆಟ್ಟು ಒತ್ತಿಸಿದರು. ಠಾಣೆಯಲ್ಲೇ ಜಾಮೀನು ಸಿಗುತ್ತದೆಂದು ಹೇಳಿದ್ದು ಅವರ ಕಿವಿಗೆ ಬಿದ್ದಂತಿರಲಿಲ್ಲ.

ಕಾರಣವನ್ನು ಅವರು ಯಜ್ಞನಾರಾಯಣರಿಗೇ ಹೇಳಿದರು. "ಸಮಿತಿ ಮೀಟಿಂಗಲ್ಲಿ ನೀವೇ ಕಾಗ್ದ ಓದಿದ್ರಲ್ಲ ಐನೋರೆ, ಹೊರಗಿನೋರು ಬಂದು ಹನ್ನೊಂದ್ರಿಂದ ಒಂದ್ ಗಂಟೆವರ್ಗೂ ಕಲ್ಲು ತೊಳೀತಾರೆ ಅಂತ. ನೆಂಟ್ರು ಬಂದು ನಮ್ಮನೆ ಕಸ ಗುಡಿಸೋದಾ? ನಮ್ಮ ಹಿರೀಕ್ರನ್ನ ಕೊಳಕಾಗಿ ಇಟ್ಟವ್ಳೆ ಅನ್ನಲ್ವಾ? ಅದ್ಕೇ ಅವ್ರು ಬರೋಕ್ಮುಂಚೆ ನಾನೇ ತೊಳೆಸ್ಬಿಟ್ಟೆ. ಅಕ್ಷರ ಹೋಗ್ತಾವೆ ಅಂತ ಯಾರು ಕಂಡೋರು?"

ಆ ಕಾಗದ, ನಾಳಿನ ವೇಳಾಪಟ್ಟಿ, ಯಜ್ಞನಾರಾಯಣರ ಜೇಬಿನಲ್ಲೇ ಇತ್ತು. ಪುಣೆಯ ತಜ್ಞರ ರೈಲು ಆಗಲೇ ಹೊರಟಿತ್ತು.

ಜೀಪು ಹತ್ತುವ ಮೊದಲು ಅಣ್ಣಮ್ಮ ಗುಂಡಿಯತ್ತ ನೋಡಿದರು. "ಕೆಳಗೊಂದು ಸಾಲು ಉಳ್ದೈತಂತಲ್ಲ. ಏನು ಬರ್ದವ್ರೆ?"

ಯಜ್ಞನಾರಾಯಣ ಕನ್ನಡಕ ತೆಗೆದು ಒರೆಸಿದರು.

"ಈ ಕಲ್ಲಿಗೆ ಎಣ್ಣೆ ಹಚ್ಚೋ ಮನೆ ತಣ್ಣಗಿರಲಿ ಅಂತ ಬರೆದಿದ್ದಾರಮ್ಮ."

ಅಣ್ಣಮ್ಮ ಕಲ್ಲಿನ ಕಡೆ ಕೈ ಮುಗಿದರು. ಜಿಯಾವುಲ್ಲಾ ಪಂಚನಾಮೆಯ ಹಾಳೆಯನ್ನು ಮಡಿಚಿ ಜೇಬಿಗಿಟ್ಟುಕೊಂಡು, ಅವರು ಜೀಪು ಹತ್ತಲು ಕೈ ಕೊಟ್ಟರು.