ಮೂರು ಬೆಲ್ಲಿನ ದೀಪ

ಗೋದಾ ಕಿರುಚಿದ ಸದ್ದಿಗೆ ಮದ್ದೂರಿನ ರೈಲು ಹಳಿ ಬಿಟ್ಟು ಗದ್ದೆಗಿಳಿದು, ಒಂದು ಸುತ್ತು ಹೊಡೆದು ಮತ್ತೆ ಹಳಿ ಹತ್ತಿತು! ಮಳವಳ್ಳಿಯ ಕಿವುಡರಿಗೆಲ್ಲ ಕಿವಿ ಬಂತು! ನನ್ನಾಣೆಗೂ ನಿಜ.

ನಡೆದದ್ದು ಎಪ್ಪತ್ತಾರರಲ್ಲಿ, ಕೊಪ್ಪದ ಹತ್ತಿರದ ಸಣ್ಣ ಸಕ್ಕರೆ ಮಿಲ್ಲಿನಲ್ಲಿ. ಅಲ್ಲಿನ ಗದ್ದಲದಲ್ಲಿ ಕೂಗು ಕೇಳಿಸದು. ಅದಕ್ಕೇ ಅಟ್ಟದ ಮೇಲಿಂದ ಬೆಲ್ಲು ಒತ್ತುವುದು. ಕೆಳಗೆ ಮೋಟಾರಿನ ಪಕ್ಕದ ಹೊಸ ಪೆಟ್ಟಿಗೆ ಅದನ್ನು ಎಣಿಸಿ ದೀಪ ಹಚ್ಚುವುದು. ಒಂದಕ್ಕೆ 'ಓಡಿಸು', ಮೂರಕ್ಕೆ 'ನಿಲ್ಲಿಸು'. ದೀಪ ಹೇಳಿದಂತೆ ಮೋಟಾರು ನೋಡಿಕೊಳ್ಳುವ ಲಿಂಗಯ್ಯ ಹಿಡಿ ಎಳೆಯಬೇಕು.

ಪೆಟ್ಟಿಗೆ ಸರಿಯಾಗಿ ಎಣಿಸುತ್ತದೆಯೇ ಎಂದು ಪರೀಕ್ಷಿಸಲು ಮಂಡ್ಯದಿಂದ ಬಂದವಳು ಗೋದಾ. ಬಂದ ಕ್ಷಣವೇ ಎಂಜಿನಿಯರ್ ಪಾರ್ಥಸಾರಥಿಯೊಂದಿಗೆ ಜಟಾಪಟಿ!

"ಕಟ್ಟಿದವನು ನಾನು. ತಪ್ಪೇ ಇರೋಲ್ಲ," ಎಂದ ಅವನು, ಮೀಸೆ ತಿರುವಿ.

"ಹಾಗಾದ್ರೆ ಕಣ್ಣೆದುರಿಂದ ಹೋಗಿ. ಪೆಟ್ಟಿಗೆಯೇ ಹೇಳಲಿ!"

ಅವನು ಹೋದ. 'ಅಯ್ಯೋ, ಎಷ್ಟು ಒರಟಾಗಿ ಅಂದೆ... ಪಾಪ, ಕಣ್ಣು ಎಷ್ಟು ಚೆನ್ನಾಗಿದೆ...' ಎಂದುಕೊಂಡಳು ಗೋದಾ.

ಯಂತ್ರ ನಿಂತೇ ಇತ್ತು. ಅಪಾಯವಿಲ್ಲವೆಂದು ಅಟ್ಟ ಹತ್ತಿ ಮೊದಲು 'ನಿಲ್ಲಿಸು' ಪರೀಕ್ಷಿಸಿದಳು. ಮೂರು ಬೆಲ್ಲು.

"ಓಡ್ಸು ಅಂತೈತೆ ಕಣಮ್ಮ!" ಲಿಂಗಯ್ಯ ಹಿಡಿ ಎಳೆದೇಬಿಟ್ಟ!

ಕಬ್ಬರೆಯುವ ಉರುಳೆಗಳು ಗುಡುಗಿದವು. ಆಗ ಕಂಡವು... ಉರುಳೆಗಳ ಕೆಳಗಿನ ಗುಂಡಿಯ ಬಾಯಲ್ಲಿ ಪಾರ್ಥಸಾರಥಿಯ ಚಪ್ಪಲಿಗಳು!

ಚಪ್ಪಲಿ ಮೆಟ್ಟಿದ ಕಾಲಲ್ಲಿ ಯಂತ್ರವನ್ನು ತುಳಿಯಬಾರದೆಂದು ಒಳಗಿಳಿಯುವವರು ಬಿಡುವ ಜಾಗ ಅದು. ಚಪ್ಪಲಿ ಇದ್ದರೆ ಒಳಗೆ ಯಾರೋ ಇದ್ದಾರೆ ಎಂದೇ ಅರ್ಥ.

ಮತ್ತೆ ಮೂರು ಬೆಲ್ಲು. ಮತ್ತೆ 'ಓಡಿಸು' ದೀಪ! ಕಿರುಚಿದಳು. ಕೇಳುವವರಾರು? ಏಣಿಯಿಂದ ಜಾರುತ್ತ ಬಿದ್ದು, ಎದ್ದು, ಓಡಿ ಹಿಡಿ ಜಗ್ಗಿದಳು.

"ದೀಪ ಓಡ್ಸು ಅಂತೈತಲ್ಲವ್ವಾ!"

"ಒಳಗೆ ಅವರಿದ್ದಾರೆ ಲಿಂಗಯ್ಯಾ!"

ಉರುಳೆ ನಿಂತಿತು. ಗುಂಡಿಯೊಳಗೆ ಕತ್ತಲೆ. ಉಸಿರಿಲ್ಲ, ಸದ್ದಿಲ್ಲ.

"ರೀ... ಹೋಗಿ ಅಂದಿದ್ದು ಸುಳ್ಳು. ನನಗೆ ನೀವು ಬೇಕು ಕಣ್ರೀ..."

ಆಗ ಪಾರ್ಥಸಾರಥಿ ಉಕ್ಕಿನ ಉರುಳೆಗಳನ್ನು ಬರಿಗೈಲಿ ಸೀಳಿ, ಸಿಂಹದಂತೆ ಎದ್ದು...

"ರೀ, ಸಾಕು ಮಾಡಿ!" ನನ್ನ ಬೆನ್ನ ಹಿಂದೆ ಕಥೆ ಕೇಳುತ್ತ ನಿಂತಿದ್ದಾಳೆ ಗೋದಾ. "ಯಾವ ಸಿಂಹ? ಹೊರಗೆ ಕಾಫಿ ಕುಡೀತಿದ್ರಿ!"

ಸಿಕ್ಕಿಬಿದ್ದೆ. ಪಾರ್ಥಸಾರಥಿ ನಾನೇ; ಗೋದಾ ಈಗ ನನ್ನ ಹೆಂಡತಿ. ಅನುಮಾನ ಬಂದು ಗುಂಡಿಯೊಳಗಿನ ಪೆಟ್ಟಿಗೆಯ ತಂತಿ ನೋಡಲು ಚಪ್ಪಲಿ ಬಿಟ್ಟೆ; ಕತ್ತಲೆಗೆ ಹೆದರಿ ಬರಿಗಾಲಲ್ಲೇ ಓಡಿದೆ. ತಂತಿ ತಪ್ಪಾಗಿ ಸೇರಿಸಿದವನೂ ನಾನೇ.

"ನಿನ್ನ ಅಳು ಕೇಳಿ ಓಡಿ ಬಂದೆ ಗೋದಾ. ಲೋಟ ಬಿಸಾಕಿ ನಿನ್ನ ಕೈ ಹಿಡ್ಕೊಂಡೆ."

"ಗೊತ್ತು. ಕೈ ಗಡಗಡ ನಡುಗ್ತಿತ್ತು."

"ನಿಂದಾ, ನಂದಾ?"

"ಇಬ್ಬರದೂ... ಆ ಕೈ ಕೊಡಿ ಇಲ್ಲಿ."