ಹತ್ತಕ್ಕೆ ಜಾರಿದ ಗುಂಡಿ

"ಆಟದ ಸಾಮಾನು ಬೇಕಾ? ಪಕ್ಕದ ಅಂಗಡಿಗೆ ಹೋಗಿ!"

ಎಲೆಕ್ಟ್ರಾನಿಕ್ಸ್ ಅಂಗಡಿಯವನು ತಲೆ ಎತ್ತದೆಯೇ ಹೇಳಿದ. ಎದುರು ನಿಂತ ಹುಡುಗಿಯ ಕೈಯಲ್ಲಿ ಅಂಗೈಯಗಲದ ಅಗ್ಗದ ಆಸಿಲೋಸ್ಕೋಪ್ ಇತ್ತು, ಸಿಗ್ನಲ್ಲನ್ನು ತೆರೆಯ ಮೇಲೆ ಅಲೆಯಾಗಿ ತೋರಿಸುವ ಯಂತ್ರ. ಎಷ್ಟು ಸೊಕ್ಕು ಇವನಿಗೆ!

"ಹವ್ಯಾಸಕ್ಕೆ ಇದೇ ಸಾಕು ನಂಗೆ."

"ಏನು ಮಾಡ್ತೀರ ಇದರಲ್ಲಿ?"

"ದನಿ ದೊಡ್ಡದು ಮಾಡೋ ಆಂಪ್ಲಿಫೈಯರ್... ನಮ್ಮಜ್ಜಿಗೆ ಕಿವಿ ಮಂದ. ಕೊಂಡ ಮಿಷನ್ ಯಾವುದೂ ಒಗ್ಗಲಿಲ್ಲ. ನಾನೇ ಒಂದು ಮಾಡ್ತಿದೀನಿ."

ಆಗ ಅವನು ತಲೆ ಎತ್ತಿದ. ಎತ್ತಿದವನು ಇಳಿಸಲೇ ಇಲ್ಲ.

ಅವಳು ಗಾಜಿನೊಳಗಿನ ದೊಡ್ಡ ಸ್ಕೋಪಿನತ್ತ ಬೆರಳು ತೋರಿಸಿದರೆ ಅದೂ ಬೇಡವೆಂದು ತಲೆಯಾಡಿಸಿದ. "ಅದರ ವೇಗ ನಿಮಗೆ ದಂಡ. ಧ್ವನಿ ಕೆಲಸಕ್ಕೆ ಈ ಚಿಕ್ಕದು ಧಾರಾಳ. ಆದ್ರೆ ಎರಡು ಚಾನೆಲ್ ಇರ್ಲೇಬೇಕು. ಒಳಗೆ ಹೋಗಿದ್ದು, ಹೊರಗೆ ಬಂದಿದ್ದು, ಎರಡೂ ಒಟ್ಟಿಗೆ ಕಾಣ್ಬೇಕು."

ಮಾರುವವನೇ ದುಬಾರಿಯದು ಬೇಡ ಅನ್ನುತ್ತಾನಲ್ಲ! 'ನಾಲಿಗೆ ಕಹಿ, ಮನುಷ್ಯ ಕೆಟ್ಟವನಲ್ಲ' ಎಂದುಕೊಂಡಳು. ಅವಳ ಕೆನ್ನೆ ಬಿಸಿಯಾಯಿತು.

ಅವನು ಸ್ಕೋಪಿನ ಅಳೆಯುವ ಕಡ್ಡಿಯನ್ನು, ಸರ್ಕ್ಯೂಟಿಗೆ ತಾಗಿಸುವ ಪ್ರೋಬನ್ನು, ಡಬ್ಬಕ್ಕೆ ಹಾಕುತ್ತಿದ್ದ. ಅದರ ಹಿಡಿಯಲ್ಲೊಂದು ಪುಟ್ಟ ಗುಂಡಿ. ಒಂದಕ್ಕೆ ಸರಿಸಿದರೆ ಸಿಗ್ನಲ್ ಇದ್ದಂತೆಯೇ ಕಾಣುತ್ತದೆ. ಹತ್ತಕ್ಕೆ ಸರಿಸಿದರೆ ಹತ್ತರಲ್ಲೊಂದು ಪಾಲು ಮಾತ್ರ. ಅವನು ಹೆಬ್ಬೆರಳಿನಿಂದ ಅದನ್ನು ಹತ್ತಕ್ಕೆ ಜಾರಿಸಿದ, ಹೇಳಲಿಲ್ಲ. 'ತಲೆ ಕೆಡಿಸ್ಕೊಂಡು ನಾಳೆ ಕೇಳೋಕೆ ಬಂದೇ ಬರ್ತಾಳೆ!'

ಬೆಕ್ಕಿಗೆ ಚೆಲ್ಲಾಟ!

ಅವಳು ಬರಲಿಲ್ಲ. ಯಾಕೆಂದರೆ ಅವಳು ಅವನನ್ನು ನಂಬಿದ್ದಳು... ತೆರೆಯ ಮೇಲೆ ಅಲೆ ಸಣ್ಣದಾಗಿ ಕಂಡಾಗ ತನ್ನ ಬೆಸುಗೆಯನ್ನೇ ಬೈದುಕೊಂಡಳು. ಅಲೆ ಬೇಕಾದಷ್ಟು ಎತ್ತರಕ್ಕೆ ಏರುವವರೆಗೂ ಆಂಪ್ಲಿಫೈಯರಿನ ಶಕ್ತಿ ಹೆಚ್ಚಿಸುತ್ತಲೇ ಹೋದಳು.

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ಮೊದಲು ನಿನ್ನ ಕಿವಿಗೆ ಹಾಕ್ಕೊಂಡು ನೋಡೇ," ಎಂದಳು ಅಜ್ಜಿ.

ಅವಳು ಅಜ್ಜಿಯ ಕಿವಿಯ ಬಳಿ ಬಾಗಿ ಕೂಗಿದಳು. "ಸ್ಕೋಪ್ ಸುಳ್ಳು ಹೇಳಲ್ಲ ಅಜ್ಜಿ! ಅದನ್ನ ಆರಿಸಿಕೊಟ್ಟೋರೂ..."

"ಓಹೋ! ಆರಿಸಿಕೊಟ್ಟೋರು!" ಅಜ್ಜಿ ನಕ್ಕು, ಹೆಡ್‌ಫೋನ್ ಏರಿಸಿಕೊಂಡಳು.

ಅವಳು ಮೈಕನ್ನು ತುಟಿಗೆ ಹಿಡಿದು ಅಕ್ಕರೆಯಿಂದ ಕರೆದಳು. "ಅಜ್ಜೀ..."

ಅಜ್ಜಿ ಕಿರುಚಿದಳು. ಹೆಡ್‌ಫೋನ್ ಕಿತ್ತೆಸೆದು, ಎರಡೂ ಕಿವಿ ಹಿಡಿದು ಕುರ್ಚಿಯಲ್ಲೇ ಮುದುಡಿದಳು. ಉಳಿದಿದ್ದ ಅಷ್ಟಿಷ್ಟು ಶ್ರವಣಶಕ್ತಿಯೂ ಹೋಯಿತು, ಇನ್ನು ಬರುವುದಿಲ್ಲ ಎಂದರು ಡಾಕ್ಟರು. ಆ ಮನೆಯಲ್ಲಿ ಅಜ್ಜಿ ಕಡೆಯದಾಗಿ ಕೇಳಿದ್ದು ಮೊಮ್ಮಗಳ ದನಿಯನ್ನೇ.

ಅವಳು ಅಂಗಡಿಗೆ ಹೋಗಿ ಡಬ್ಬವನ್ನು ಅವನ ಮುಂದಿಟ್ಟಳು.

"ಅಜ್ಜಿಯ ಎರಡೂ ಕಿವಿ ಹೋಯ್ತು. ನಾನೇ ಏನೋ ತಪ್ಪು ಮಾಡಿದೀನಿ. ಎಲ್ಲಿ ಅಂತ ಹೇಳಿ, ಸಾಕು."

ಅವನು ಡಬ್ಬ ತೆರೆದ. ಕಡ್ಡಿಯ ಗುಂಡಿ ಇನ್ನೂ ಹತ್ತರಲ್ಲೇ ಇತ್ತು. 'ನೀವು ನೋಡ್ಕೋಬೇಕಿತ್ತು' ಅಂದಿದ್ದರೆ ಅವನು ಪಾರಾಗುತ್ತಿದ್ದ. ಆ ಮಾತು ನಾಲಿಗೆಯ ತುದಿಗೂ ಬಂದಿತ್ತು. ಅವಳ ಊದಿದ ಕಣ್ಣು ನೋಡಿ ನುಂಗಿಕೊಂಡ.

"ನಾನೇ... ಬೇಕಂತಲೇ ಜಾರಿಸಿದ್ದೆ. ಇದು ಹತ್ತರಲ್ಲೊಂದು ಪಾಲು ತೋರಿಸ್ತಿತ್ತು. ನೀವು ಮತ್ತೆ ಬರ್ಲಿ ಅಂತ..."

ಅವಳು ಅಳಲಿಲ್ಲ.

"ಬಂದಿದೀನಲ್ಲ. ಸಂತೋಷಾನಾ?"

ಮರುದಿನ ಸಂಜೆ ಅವನು ಬಿಲ್ಲಿನಲ್ಲಿದ್ದ ವಿಳಾಸ ಹಿಡಿದು ಬಂದು ಅವಳ ಬಾಗಿಲಲ್ಲಿ ನಿಂತಿದ್ದ. ಕದ ಮುಖಕ್ಕೆ ಬಡಿಯಬೇಕು ಅಂದುಕೊಂಡಳು, ಕೈ ಬರಲಿಲ್ಲ. ಹಾಳಾದ ಮನಸ್ಸು! ಅಂಗಡಿಯಲ್ಲಿ ಅಷ್ಟು ಅಂದು ಬಂದರೂ ಅವನ ಹೆಜ್ಜೆ ಸದ್ದಿಗೇ ಕಾದಿತ್ತು.

"ಕ್ಷಮೆ ಕೇಳಲ್ಲ, ಆ ಯೋಗ್ಯತೆ ಇಲ್ಲ. ಆದ್ರೆ... ನಿಮ್ಮನ್ನ ಪ್ರೀತಿಸ್ತೀನಿ."

"ನಾನೂ. ಅದಕ್ಕೇ ನನ್ನ ಕಿವಿಗೆ ಹಾಕ್ಕೊಂಡು ನೋಡ್ಲಿಲ್ಲ," ಎಂದಳು ಅವಳು.

ಕಿಟಕಿಯ ಬಳಿಯಿಂದ ಅಜ್ಜಿ ತನಗೇ ಕೇಳದ ದನಿಯಲ್ಲಿ ಕೂಗಿದಳು. "ಆರಿಸಿಕೊಟ್ಟೋನು ಇವನೇನಾ? ಬಾ ಮಗಾ, ಕೂತ್ಕೋ. ಮಿಷನ್ ಕೆಟ್ಟರೆ ನೀನೇನು ಮಾಡ್ತೀಯ ಪಾಪ! ಮುಖ ನೋಡಿದ್ರೇ ಗೊತ್ತಾಗುತ್ತೆ, ಒಳ್ಳೆ ಹುಡುಗ."

ಅಜ್ಜಿ ಅವನ ಕೈ ಹಿಡಿದು ಸವರಿದಳು, ಅದೇ ಹೆಬ್ಬೆರಳನ್ನು. ಅವನು ಅಲ್ಲೇ ಕುಸಿದು ಬಿಕ್ಕಿದ.

"ಅವರಿಗೆ ನಿಜ ಬರೆದು ತೋರಿಸಿ... ದಮ್ಮಯ್ಯ!"

"ಇಲ್ಲ. ಅಜ್ಜಿ ಇರೋವರೆಗೂ ನಿಮ್ಮನ್ನ ಒಳ್ಳೆಯವನು ಅಂತಲೇ ಮುದ್ದು ಮಾಡ್ಲಿ. ನೀವು ಅದನ್ನ ತಡ್ಕೋಬೇಕು."

"ಒಬ್ಬನೇ ಹೇಗೆ ತಡ್ಕೊಳ್ಳಲಿ?"

ಅವಳು ಅವನ ಪಕ್ಕದಲ್ಲೇ ನೆಲಕ್ಕೆ ಕೂತು, ಸೆರಗಿನಿಂದ ಅವನ ಕಣ್ಣೊರೆಸಿದಳು.

"ಒಬ್ಬರೇ ಅಂತ ಯಾರಂದ್ರು? ನಾನೂ ಇರ್ತೀನಲ್ಲ, ಪಕ್ಕದಲ್ಲೇ."

"ನಾಳೆ... ಬರಲಾ?"

"ದಿನಾ ಬನ್ನಿ."